ತಲೆಯ ಹತ್ತಿರ ಕೂತವರ ಕೈ

ನಮ್ಮ ಅಕ್ಕನಿಗೆ ಕುಬಸ ಮಾಡಿದ್ದು ಕೂಸಿಗಲ್ಲ, ಗಡ್ಡೆಗೆ. ಇದನ್ನು ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಆಗ ಯಾರೂ ನಗಲಿಲ್ಲ. ಔರಾದ ಕಡೆಯ ಸಂತಪುರಕ್ಕೆ ಕೊಟ್ಟಿದ್ದ ಅಕ್ಕನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹೊಟ್ಟೆ ಮುಂದೆ ಬಂದದ್ದೇ ತಡ, ಅವಳ ಅತ್ತೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಓಣಿಯ ಮುತ್ತೈದೆಯರನ್ನೆಲ್ಲ ಕರೆದು ಉಡಿ ತುಂಬಿದಳು. ಭಾತಂಬ್ರಾದಿಂದ ನಾವು ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ ಉಂಡು, ಹಾಡಿ ಬಂದೆವು. ತಿಂಗಳು ತುಂಬಿದವು, ದಾಟಿದವು, ಹಬ್ಬಗಳು ಬಂದು ಹೋದವು. ಹೊಟ್ಟೆ ಬೆಳೆಯುತ್ತಲೇ ಇತ್ತು, ಮುಖ ಬತ್ತುತ್ತಲೇ ಇತ್ತು. ಕೊನೆಗೆ ಸೂಲಗಿತ್ತಿಯೇ ಕೈಯಿಟ್ಟು ನೋಡಿ, "ಇದರಾಗ ಜೀವ ಇಲ್ರಿ, ಇದು ಬ್ಯಾರೇನೋ ಅದ," ಅಂದಳು. ಅವತ್ತಿನಿಂದ ಅತ್ತೆ ಮಾತು ಬಿಟ್ಟಳು. ಗಡ್ಡೆ ಬೆಳೆಸಿಕೊಂಡದ್ದು ಸೊಸೆಯ ಹಟ ಅನ್ನುವಂತೆ ಮುಖ ತಿರುಗಿಸಿಕೊಂಡು ಓಡಾಡಿದಳು. ಆ ಮುದುಕಿ ಲಿಂಗೈಕ್ಯಳಾಗಿ ಎಷ್ಟೋ ವರ್ಷವಾಯಿತು, ನನಗೆ ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಅವ್ವ ಅಕ್ಕನನ್ನು ತವರಿಗೆ ಕರೆತಂದಳು. ಭಾಲ್ಕಿಯಲ್ಲಿ ಬೇರು ನಾರಿನ ಔಷಧಿ ಕೊಡುವ ವೈದ್ಯರೊಬ್ಬರಿದ್ದರು. ಅವರು ಹೊಟ್ಟೆಯನ್ನು ಮುಟ್ಟಿಯೂ ನೋಡದೆ, ದೂರದಿಂದಲೇ ತಲೆ ಅಲ್ಲಾಡಿಸಿದರು. "ಇದು ಔಷಧಕ್ಕ ಕರಗೋದಲ್ಲವ್ವ. ಬೀದರ ದವಾಖಾನಿಗಿ ಒಯ್ರಿ. ಕೊಯ್ದು ತಗೀತಾರ."

ನಮ್ಮ ಕಾಲದಲ್ಲಿ ಕೊಯ್ಯುವುದು ಅಂದರೆ ಮನೆಮಂದಿಯೆಲ್ಲ ಕೂತು ಅಳುವ ಮಾತು. ಕತ್ತಿಯ ಹೆದರಿಕೆ ಅಲ್ಲ. ನಮ್ಮ ಸೋದರಮಾವ ತೊಡೆಯ ಮೇಲಿನ ಕುರು ಕೊಯ್ಸಿಕೊಂಡು, ಅವತ್ತೇ ಎದ್ದು ನಗುನಗುತ್ತ ಹೊಲಕ್ಕೆ ಹೋದವರು. ವಾರ ಕಳೆಯುವುದರೊಳಗೆ ಗಾಯ ಕೀವಾಗಿ, ಜ್ವರ ನೆತ್ತಿಗೇರಿ ಸತ್ತರು. ಇಂಥದ್ದನ್ನು ಕಾಣದ ಮನೆ ನಮ್ಮೂರಲ್ಲಿ ಇರಲಿಲ್ಲ. ಆದ್ದರಿಂದ ಅವ್ವನದು ಒಂದೇ ಪ್ರಶ್ನೆ: "ಕೊಯ್ತಾರ ಖರೆ. ಕೀವಾದ್ರ ಹ್ಯಾಂಗ್ರಿ?" ವೈದ್ಯರು ಮುಂದಿನ ರೋಗಿಯನ್ನು ಕರೆದರು. ಅಕ್ಕ ಮಾತ್ರ, "ಇದನ್ನ ಹೊತ್ಕೊಂಡು ಸಾಯೋದಕಿಂತ ಕೊಯ್ಸ್ಕೊಂಡೇ ಸಾಯ್ತೇನಿ, ನಡೀರಿ," ಅಂದಳು.

ಕಮಾನು ಕಟ್ಟಿದ ಗಾಡಿಯಲ್ಲಿ ಜೋಳದ ಕಣಿಕೆ ಹರಡಿ, ಮೇಲೆ ಕೌದಿ ಹಾಸಿ ಅಕ್ಕನನ್ನು ಮಲಗಿಸಿಕೊಂಡು ಅವ್ವ, ಭಾವ, ನಾನು ಹೊರಟೆವು. ನಾನು ಆಗಲೇ ಒಂದು ಗಂಡುಮಗುವಿನ ತಾಯಿ. ಅವನನ್ನು ನನ್ನ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಬೀದರದ ಹತ್ತಿರದ ನೌಬಾದದಲ್ಲಿ ಬಳಗದವರ ಮನೆಯಲ್ಲಿ ಇಳಿದು, ಮರುದಿನ ದವಾಖಾನೆಗೆ ಹೋದೆವು. ಅಲ್ಲಿನ ದೊಡ್ಡ ಡಾಕ್ಟರರು ಎತ್ತರದ ಆಸಾಮಿ, ಗಂಟಲು ಇನ್ನೂ ದೊಡ್ಡದು. ಹೊಟ್ಟೆ ಒತ್ತಿ ನೋಡಿ ಉರ್ದುವಿನಲ್ಲಿ ಏನೋ ಹೇಳಿದರು. ಅವರ ಹಿಂದೆ ನಿಂತಿದ್ದ ಹೆಂಗಸು ಅದನ್ನು ನಮ್ಮ ಮಾತಿನಲ್ಲಿ ಹೇಳಿದರು: "ಗಡ್ಡಿ ತಗದ್ರ ಉಳೀತಾಳ. ತಗೀದಿದ್ರ ಉಳಿಯಂಗಿಲ್ಲ. ನಿದ್ದಿ ಔಷಧ ನಾ ಕೊಡ್ತೇನಿ, ನೋವು ಗೊತ್ತಾಗಂಗಿಲ್ಲ."

ಅವರೇ ಬೇಗಂ ಸಾಹೇಬರು. ಬೀದರದ ಹಳೇ ಊರಿನ ದೊಡ್ಡ ಮನೆತನದವರು. ಹೈದರಾಬಾದಿಗೆ ಹೋಗಿ ಡಾಕ್ಟರಿಕೆ ಕಲಿತು, ಕ್ಲೋರೋಫಾರಂ ಕೊಡುವುದರಲ್ಲಿ ಪಳಗಿ ಬಂದಿದ್ದರು. ಪರದೆ ಇಳಿಬಿಟ್ಟ ಟಾಂಗಾದಲ್ಲಿ ದವಾಖಾನೆಗೆ ಬರುತ್ತಿದ್ದರು. ಒಳಗೆ ಬಂದ ಮೇಲೆ ಬುರ್ಖಾ ತೆಗೆದು ಗೂಟಕ್ಕೆ ಹಾಕುತ್ತಿದ್ದರು. ಕೊಯ್ಯುವ ಕೋಣೆಗೆ ಹೋಗುವಾಗ ಮೂಗು ಬಾಯಿಗೆ ಮತ್ತೆ ಬಿಳಿ ಅರಿವೆ ಕಟ್ಟಿಕೊಳ್ಳುತ್ತಿದ್ದರು. "ಹೊರಗೂ ಮುಚ್ಕೋತಾಳ, ಒಳಗೂ ಮುಚ್ಕೋತಾಳ. ಈಕಿ ಉಸಿರು ಯಾವಾಗ ಆಡ್ತಾಳ?" ಅಂತ ಅವ್ವ ನನ್ನ ಕಿವಿಯಲ್ಲಿ ಕೇಳಿದಳು. ಅಷ್ಟು ದುಃಖದಲ್ಲೂ ನನಗೆ ನಗು ಬಂತು.

ತಕರಾರು ಬಂದದ್ದು ಲಿಂಗದ ವಿಷಯಕ್ಕೆ. ಅಕ್ಕನ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಉಸಿರಾಡುವ ಎದೆಯ ಮೇಲೆ ಏನೂ ಇರಕೂಡದು, ಅದನ್ನು ತೆಗೆದಿಡಬೇಕು ಅಂತ ದೊಡ್ಡ ಡಾಕ್ಟರರು ಹೇಳಿದರು. ಅವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಮೈಮ್ಯಾಲಿನ ಲಿಂಗ ತಗಿಯೋದಿದ್ರ ಜೀವಾನೇ ತಗೀರಿ. ಲಿಂಗ ಬಿಟ್ಟು ಆಕಿ ಒಂದು ಗುಟುಕು ನೀರು ಕುಡದಾಕಿ ಅಲ್ಲ." ದೊಡ್ಡ ಡಾಕ್ಟರರ ಮೀಸೆ ಕುಣಿಯತೊಡಗಿತು. ಭಾವ ಗೋಡೆ ನೋಡುತ್ತ ನಿಂತರು. ಕಷ್ಟದ ಹೊತ್ತಿನಲ್ಲಿ ಗೋಡೆ ನೋಡುವುದು ಅವರಿಗೆ ಮೊದಲಿನಿಂದಲೂ ಅಭ್ಯಾಸ.

ಬೇಗಂ ಸಾಹೇಬರು ಅವ್ವನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ಕೊರಳಾಗೇ ಇರಬೇಕೇನ್ರಿ ಅಮ್ಮಾ? ಮೈಮ್ಯಾಲ ಬ್ಯಾರೆ ಕಡೆ ಇದ್ರ ನಡಿಯಂಗಿಲ್ಲೇನು?"

ಅವ್ವ ತನ್ನ ಅಂಗೈ ನೋಡಿಕೊಂಡಳು. "ಅಂಗೈಯಾಗ ಇದ್ರೂ ನಡೀತದರಿ. ಪೂಜಾ ಮಾಡೋದೇ ಅಂಗೈಯಾಗ ಇಟ್ಕೊಂಡು."

"ಹಾಂಗಾದ್ರ ಎಡಗೈಯಾಗ ಇಟ್ಟು, ಮ್ಯಾಲ ಕುದಿಸಿದ ಅರಿವಿ ಕಟ್ಟೋಣ," ಅಂದರು ಬೇಗಂ ಸಾಹೇಬರು.

ಅಕ್ಕನಿಗೆ ಅದೂ ಸಾಲಲಿಲ್ಲ. ನಿದ್ದೆ ಬಂದ ಮೇಲೆ ಮುಷ್ಟಿ ಸಡಿಲಾಗಿ ಲಿಂಗ ನೆಲಕ್ಕೆ ಬಿದ್ದರೆ ಅಂತ ಅವಳ ಹೆದರಿಕೆ. "ತಂಗಿ ಬಂದು ನನ್ನ ಕೈ ಹಿಡಕೊಂಡು ಕೂಡಲಿ. ಇಲ್ಲದಿದ್ರ ನಾ ಮಲಗಂಗಿಲ್ಲ," ಅಂದಳು. ದೊಡ್ಡ ಡಾಕ್ಟರರು ಗೊಣಗಿದರು, ಆಮೇಲೆ ಒಪ್ಪಿದರು. ಹೀಗೆ ಭಾತಂಬ್ರಾದ ಒಬ್ಬ ಹೆಣ್ಣುಮಗಳು, ಸಾಲೆಯ ಮುಖ ಕಾಣದವಳು, ಕೊಯ್ಯುವ ಕೋಣೆಯೊಳಗೆ ಹೋದಳು.

ಮರುದಿನ ಬೆಳಿಗ್ಗೆ ಮಿಂದು, ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಹೋದೆ. ನರ್ಸಮ್ಮ ಮೊದಲು ನನ್ನ ಹಣೆ ಒರೆಸಿಸಿದಳು. ಬಳೆಗಳನ್ನು ಮೇಲಕ್ಕೆ ಸರಿಸಿ ಅರಿವೆಯಿಂದ ಕಟ್ಟಿದಳು. ಮೊಳಕೈವರೆಗೂ ಸಾಬೂನು ಹಚ್ಚಿಸಿ, ಉಗುರಿನೊಳಗೆಲ್ಲ ಬ್ರಶ್ಶಿನಿಂದ ತಿಕ್ಕಿಸಿ, ಆಮೇಲೆ ಮೂಗಿಗೆ ಬಡಿಯುವ ಕಾರ್ಬೋಲಿಕ್ ನೀರಿನಲ್ಲಿ ಅದ್ದಿಸಿದಳು. ನಾನೇನು ಸಗಣಿ ಬಳಿದು ಬಂದವಳೇ ಅಂತ ಒಳಗೊಳಗೇ ಕುದಿದೆ. ಆದರೆ ಪಕ್ಕದಲ್ಲಿ ಬೇಗಂ ಸಾಹೇಬರೂ ಅದನ್ನೇ ಮಾಡುತ್ತಿದ್ದರು, ನನಗಿಂತ ಎಷ್ಟೋ ಹೆಚ್ಚು ಹೊತ್ತು.

ಒಳಗೆ ಅಕ್ಕನ ತಲೆಯ ಹತ್ತಿರ ಬೇಗಂ ಸಾಹೇಬರ ಕುರ್ಚಿ, ಎಡಕ್ಕೆ ನನ್ನ ಸ್ಟೂಲು. ಕುರ್ಚಿಯ ಪಕ್ಕದಲ್ಲಿ ಅವರದೇ ಒಂದು ಬೋಗುಣಿ, ಸಾಬೂನು, ಹೂಜಿಯಲ್ಲಿ ಕುದಿಸಿ ಆರಿಸಿದ ನೀರು. ದೊಡ್ಡ ಡಾಕ್ಟರರು ಅದನ್ನು ಕಾಲಿನಿಂದ ತುಸು ಸರಿಸುತ್ತ ಏನೋ ಅಂದು ನಕ್ಕರು. ನರ್ಸಮ್ಮ ನನಗೆ ಬಿಡಿಸಿ ಹೇಳಿದಳು: "ಹೊಟ್ಟಿ ಕೊಯ್ಯೋರು ನಾವು, ತಲಿ ಕಡೆ ಕೂಡೋರಿಗಿ ಬೋಗುಣಿ ಯಾಕ ಅಂತಾರ. ದಿನಾ ಇದೇ ಚೇಷ್ಟಿ." ಬೇಗಂ ಸಾಹೇಬರು ಬೋಗುಣಿಯನ್ನು ತಾವೂ ಕಾಲಿನಿಂದಲೇ ಮತ್ತೆ ಮೊದಲಿದ್ದ ಜಾಗಕ್ಕೆ ಎಳೆದುಕೊಂಡರು.

ಅಕ್ಕನ ಎಡ ಅಂಗೈಯಲ್ಲಿ ಲಿಂಗವಿಟ್ಟು ಅರಿವೆ ಸುತ್ತಿದರು. ನಾನು ಆ ಮುಷ್ಟಿಯನ್ನು ನನ್ನ ಎರಡು ಕೈಯಲ್ಲಿ ಹಿಡಿದು ಕೂತೆ. ತಂತಿಯ ಚೌಕಟ್ಟಿಗೆ ಅರಿವೆ ಬಿಗಿದ ಚಿಕ್ಕ ಜಾಲರಿಯೊಂದನ್ನು ಬೇಗಂ ಸಾಹೇಬರು ಅವಳ ಮೂಗಿನ ಮೇಲೆ ಹಿಡಿದರು. ಆ ಅರಿವೆ ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ, ಚೌಕಟ್ಟನ್ನೂ ಪ್ರತಿ ಸಲ ಕುದಿಸಲೇಬೇಕು, ಇದು ಅವರ ಕಟ್ಟಪ್ಪಣೆಯಂತೆ. "ನಿನ್ನ ದೇವರ ಹೆಸರು ಹೇಳ್ಕೋತ ಇರು ಬೇಟಿ," ಅಂದರು. ಅಕ್ಕ ಓಂ ನಮಃ ಶಿವಾಯ ಅನ್ನತೊಡಗಿದಳು. ಬಾಟಲಿಯಿಂದ ಹನಿ ಬೀಳುತ್ತಿತ್ತು. ಸಿಹಿಯಾದ, ತಲೆ ಹಗುರಾಗಿಸುವ ವಾಸನೆ ಕೋಣೆ ತುಂಬಿತು. ಶಿವಾಯ ಶಿವಾಯ ಅನ್ನುತ್ತ ದನಿ ತಗ್ಗಿ, ತುಟಿ ಮಾತ್ರ ಅಲ್ಲಾಡಿ, ಅದೂ ನಿಂತಿತು. ಅವಳು ಹೇಳಿದ ಹಾಗೆಯೇ ಮುಷ್ಟಿ ನನ್ನ ಕೈಯೊಳಗೆ ಸಡಿಲಾಯಿತು.

ನಾನು ಹೊಟ್ಟೆಯ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ನೋಡಿದ್ದು ಬೇಗಂ ಸಾಹೇಬರ ಕೈಗಳನ್ನು. ಬಲಗೈಗೆ ಬಾಟಲಿ, ಎಡಗೈಗೆ ಅಕ್ಕನ ಮುಖ. ಎಡಗೈ ಗದ್ದ ಎತ್ತುತ್ತಿತ್ತು, ಕಣ್ಣುರೆಪ್ಪೆ ಬಿಡಿಸಿ ನೋಡುತ್ತಿತ್ತು, ಕಿವಿಯ ಮುಂದಿನ ನಾಡಿ ಮುಟ್ಟುತ್ತಿತ್ತು. ಆ ಕೈ ತಪ್ಪಿಯೂ ಬಾಟಲಿಗೆ ಹೋಗುತ್ತಿರಲಿಲ್ಲ, ಈ ಕೈ ತಪ್ಪಿಯೂ ಮುಖಕ್ಕೆ ಬರುತ್ತಿರಲಿಲ್ಲ. ಅದಲು ಬದಲು ಮಾಡಬೇಕಾದರೆ ಬೋಗುಣಿಗೆ ಹೋಗಿಯೇ ಬರಬೇಕು. ಮೂಗಿನ ತುದಿ ತುರಿಸಿದರೆ ಅವರು ಹುಬ್ಬು ಗಂಟಿಕ್ಕಿ ಸುಮ್ಮನೆ ತಡೆದುಕೊಳ್ಳುತ್ತಿದ್ದರು. ಪೂಜೆಗೆ ಕೂತಾಗ ಲಿಂಗ ಹಿಡಿದ ಕೈಯಿಂದ ನಾವು ಬೇರೆ ಏನನ್ನೂ ಮುಟ್ಟುವುದಿಲ್ಲ. ಆದರೆ ನಮ್ಮ ಪೂಜೆ ಬೇಗ ಮುಗಿಯುತ್ತದೆ, ಮುಗಿದ ಮೇಲೆ ಕೈ ನಮ್ಮ ಇಷ್ಟ. ಇವರದು ಬಿಡುವಿಲ್ಲದ ಪೂಜೆ.

ಇದ್ದಕ್ಕಿದ್ದಂತೆ ಅಕ್ಕ ಗೊರಕೆ ಹೊಡೆದಂತೆ ಸದ್ದು ಮಾಡಿದಳು. ತುಟಿ ಕಪ್ಪಾಯಿತು. ಬೇಗಂ ಸಾಹೇಬರು ಜಾಲರಿ ಬದಿಗಿಟ್ಟು, ಬಾಟಲಿಯನ್ನೂ ಬಿಟ್ಟು, ಅವಳ ಬಾಯೊಳಗೆ ಬೆರಳು ಹಾಕಿ ಕಫ ತೆಗೆದು, ಎರಡೂ ಕೈಯಿಂದ ದವಡೆ ಎತ್ತಿ ಹಿಡಿದರು. ಉಸಿರು ಬಂತು. ಅವರು ಇನ್ನೂ ಹಾಗೆ ಹಿಡಿದಿರುವಾಗಲೇ ಆ ಕಡೆ ದೊಡ್ಡ ಡಾಕ್ಟರರು ಕೂಗಿದರು, "ಕಪ್ಡಾ! ಔರ್ ಕಪ್ಡಾ!"

ಒಳಗೆ ಎಲ್ಲೋ ರಕ್ತನಾಳ ಒಡೆದಿತ್ತು. ಅವರ ಹತ್ತಿರ ಇಟ್ಟಿದ್ದ ಅರಿವೆಯೆಲ್ಲ ತೀರಿತ್ತು. ನರ್ಸಮ್ಮನ ಎರಡೂ ಕೈ ಗಾಯದೊಳಗೆ ಸಿಕ್ಕಿಕೊಂಡಿದ್ದವು. ಕುದಿಸಿದ ಅರಿವೆಯ ಇನ್ನೊಂದು ಡಬ್ಬಿ ನನ್ನ ಪಕ್ಕದಲ್ಲೇ ಇತ್ತು. ನನ್ನ ಅಕ್ಕನ ರಕ್ತ ಹೋಗುತ್ತಿದೆ, ಅರಿವೆ ನನ್ನ ಕೈಯಳತೆಯಲ್ಲಿದೆ. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ! ಹಾತ್ ಮತ್ ಲಗಾವ್!" ಬೇಗಂ ಸಾಹೇಬರ ದನಿಗೆ ನನ್ನ ಕೈ ಅಲ್ಲೇ ನಿಂತಿತು.

"ಜಲ್ದಿ ಕರೋ!" ಅಂತ ದೊಡ್ಡ ಡಾಕ್ಟರರು ಅಬ್ಬರಿಸಿದರು.

"ನನ್ನ ಬೆರಳು ಆಕಿ ಬಾಯಾಗ ಹೋಗಿದ್ವು ಸಾಬ್. ನೀವು ಒತ್ತಿ ಹಿಡೀರಿ, ಕೈ ತೊಳದು ಕೊಡ್ತೇನಿ," ಅಂದರು. ಆಮೇಲೆ ನನಗೆ, "ಇಲ್ಲಿ ಬಾ. ಗದ್ದ ಹೀಂಗ ಎತ್ತಿ ಹಿಡಿ. ಬಿಟ್ರ ಉಸಿರು ಕಟ್ತದ."

ಅಕ್ಕನ ಮುಷ್ಟಿಯನ್ನು ನನ್ನ ಸೊಂಟಕ್ಕೆ ಒತ್ತಿಕೊಂಡು, ಮೊಳಕೈಯಿಂದ ಅಲ್ಲೇ ಅದುಮಿ, ಎರಡು ಕೈಯಲ್ಲಿ ದವಡೆ ಹಿಡಿದೆ. ಅವಳ ಬಿಸಿ ಉಸಿರು ನನ್ನ ಹೆಬ್ಬೆರಳಿಗೆ ತಾಗುತ್ತಿತ್ತು. ಬೇಗಂ ಸಾಹೇಬರು ಬೋಗುಣಿಗೆ ಬಾಗಿದರು. ನಾನಾಗಿದ್ದರೆ ನೀರು ತೋರಿಸಿ ಓಡಿ ಬರುತ್ತಿದ್ದೆ. ಅವರು ಸಾಬೂನು ಹಚ್ಚಿದರು. ಬೆರಳ ಸಂದಿ, ಉಗುರು, ಹೆಬ್ಬೆರಳ ಬುಡ, ಮಣಿಕಟ್ಟು, ಯಾವುದನ್ನೂ ಬಿಡಲಿಲ್ಲ. ದೊಡ್ಡ ಡಾಕ್ಟರರು ಮುಷ್ಟಿಯಿಂದ ರಕ್ತ ಅದುಮಿ ಹಿಡಿದು ಬೈಯುತ್ತಿದ್ದರು. ಬೇಗಂ ಸಾಹೇಬರ ಕಣ್ಣು ಅಕ್ಕನ ಎದೆಯ ಏರಿಳಿತದ ಮೇಲಿತ್ತು, ಕಿವಿ ಅವಳ ಉಸಿರಿನ ಮೇಲಿತ್ತು, ಬೈಗುಳಕ್ಕೆ ಅವರ ಹತ್ತಿರ ಜಾಗ ಉಳಿದಿರಲಿಲ್ಲ. ಕಾರ್ಬೋಲಿಕ್ ನೀರಿನಲ್ಲಿ ಅದ್ದಿ, ಕೈ ಮೇಲೆತ್ತಿ, ಕುದಿಸಿದ ಚಿಮಟದಿಂದ ಡಬ್ಬಿಯ ಅರಿವೆ ಎತ್ತಿ ದೊಡ್ಡ ಡಾಕ್ಟರರ ಕೈಗೆ ಇಳಿಸಿದರು. ಎತ್ತಿದರು, ಇಳಿಸಿದರು. ರಕ್ತ ನಿಂತಿತು. ಆಮೇಲೆ ಬಂದು ನನ್ನ ಕೈಯಿಂದ ಅಕ್ಕನ ದವಡೆಯನ್ನು ತಮ್ಮ ಕೈಗೆ ತಗೊಂಡರು.

ನಾನು ಬಹಳ ಜನ ದೊಡ್ಡವರನ್ನು ನೋಡಿದ್ದೇನೆ. ಅಷ್ಟು ಅವಸರದ ಹೊತ್ತಿನಲ್ಲಿ ಅಷ್ಟು ನಿಧಾನವಾಗಿ ಕೈ ತೊಳೆದವರನ್ನು ಮತ್ತೆ ನೋಡಿಲ್ಲ.

ಗಡಿಗೆಯಷ್ಟು ದೊಡ್ಡ ಗಡ್ಡೆ ಹೊರಗೆ ಬಂತು. ಅಕ್ಕನನ್ನು ಹೊರಗಿನ ಕೋಣೆಗೆ ಒಯ್ದರು. ಪಡಸಾಲೆಯಲ್ಲಿ ಬೇಗಂ ಸಾಹೇಬರು ಮುಖದ ಅರಿವೆ ಬಿಚ್ಚಿ ಗೋಡೆಗೆ ಒರಗಿ ನಿಂತಿದ್ದರು. ಅಕ್ಕ ಉಸಿರಾಡುತ್ತಿದ್ದಾಳೆ ಅನ್ನುವುದು ಖಾತ್ರಿಯಾದ ಕೂಡಲೇ ನನ್ನ ಸಿಟ್ಟು ಎದ್ದು ಬಂತು. ನಾನು ಅಂಥವಳೇ.

"ನನ್ನ ಕೈಯಾಗ ಲಿಂಗ ಇತ್ತುರಿ. ಅದಕಿಂತ ಮಡಿ ಯಾವುದದ? ನನ್ನ ಕೈ ಹೊಲಸು ಅಂದ್ರೆಲ್ಲ?"

ಅವರು ಸಿಟ್ಟಾಗಲಿಲ್ಲ. "ಹೊಲಸು ಅನ್ನಲಿಲ್ಲ ಬೇಟಿ. ತೊಳದ ಮ್ಯಾಲ ನೀ ಆಕಿ ಕೈ ಹಿಡದು ಕೂತಿದ್ದಿ. ನಾನೂ ನಸುಕಿನಾಗ ಕೈ ಕಾಲು ಮುಖ ತೊಳದು ವಜೂ ಮಾಡಿ, ನಮಾಜ್ ಓದಿ ಬಂದೀನಿ. ದೇವರ ಮುಂದ ನಿಲ್ಲಾಕ ಆ ಕೈ ಸಾಕು. ನಿಮ್ಮ ಅಕ್ಕನ ಹೊಟ್ಟಿ ಮುಂದ ಸಾಲಂಗಿಲ್ಲ. ದೇವರು ಮಾಫ್ ಮಾಡ್ತಾನ, ಗಾಯ ಮಾಫ್ ಮಾಡಂಗಿಲ್ಲ."

ನನ್ನ ಬಾಯಿ ಮುಚ್ಚಿಸಿದವರು ಈ ಲೋಕದಲ್ಲಿ ಕಡಿಮೆ.

ಆಮೇಲೆ ಕಾಯುವುದು ಉಳಿಯಿತು. ಕೀವಾಗುತ್ತದೋ ಇಲ್ಲವೋ, ನಮ್ಮ ಜಗತ್ತೆಲ್ಲ ಅಷ್ಟೇ ಆಗಿತ್ತು. ಅವ್ವ ಹೊತ್ತು ಹೊತ್ತಿಗೆ ಪಟ್ಟಿಯ ಹತ್ತಿರ ಮೂಗು ಒಯ್ದು ವಾಸನೆ ನೋಡುತ್ತಿದ್ದಳು. ಸೆರಗಿನ ಗಂಟಿನಲ್ಲಿ ಅರಿಶಿನಪುಡಿ, ಮಠದ ವಿಭೂತಿ ಎರಡೂ ಇದ್ದವು. ಒಂದು ಸಂಜೆ ಪಟ್ಟಿಯ ಅಂಚು ಎತ್ತಿ ಅವನ್ನು ಒಳಗೆ ಉದುರಿಸಲು ಕೈ ಹಾಕಿದಳು. "ಮುಟ್ಟಬ್ಯಾಡ!" ಅಂತ ನಾನು ಚೀರಿದೆ. ಹೆತ್ತ ತಾಯಿಗೆ ಹಾಗೆ ಚೀರಿದವಳು ನಾನೇ ಅಂತ ನನಗೇ ನಂಬಿಕೆಯಾಗಲಿಲ್ಲ. ಅವ್ವ ಗಂಟು ಕಟ್ಟಿಕೊಂಡು, ನನಗೆ ಬೆನ್ನು ಮಾಡಿ ಕೂತಳು.

ಕೆಲವು ದಿನ ಕಳೆದು, ಇನ್ನೇನು ಗೆದ್ದೆವು ಅನ್ನುವಾಗ ಒಂದು ಮಧ್ಯಾಹ್ನ ಅಕ್ಕನಿಗೆ ಜ್ವರ ಬಂತು. ಹಲ್ಲು ಕಟಕಟ ಅನ್ನುವ ನಡುಕ. ಮೈ ಮುಟ್ಟಿದರೆ ಹಂಚು. ಅವ್ವ ಪಟ್ಟಿಯ ಕಡೆ ನೋಡಿ, "ಆಯ್ತು, ಕೀವಾತು," ಅಂದು ಗೋಡೆಗೆ ಹಣೆ ಚಚ್ಚಿಕೊಂಡಳು. ಭಾವ ಈ ಸಲ ಗೋಡೆ ನೋಡಲಿಲ್ಲ, ಅಕ್ಕನ ಕಾಲು ಹಿಡಿದು ಗಂಡಸು ಅಳಬಾರದ ಹಾಗೆ ಅತ್ತರು. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅಷ್ಟೊಂದು ತೊಳೆದರಲ್ಲ. ಅಷ್ಟು ತೊಳೆದ ಮೇಲೂ ಹೀಗಾದರೆ, ಇನ್ನು ನಂಬುವುದು ಯಾವುದನ್ನು?

ದೊಡ್ಡ ಡಾಕ್ಟರರು ಬಂದರು. ಅವರ ಹಿಂದೆಯೇ ಬೇಗಂ ಸಾಹೇಬರೂ ಬಂದರು. ಗಾಯ ನೋಡುವುದು ಅವರ ಕೆಲಸವಲ್ಲ, ಆದರೂ ಬಂದರು. ಇಬ್ಬರೂ ಕೈ ತೊಳೆದರು. ದೊಡ್ಡ ಡಾಕ್ಟರರು ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿ, ಕೊನೆಯ ಅರಿವೆಯನ್ನು ಚಿಮಟದಿಂದ ಎತ್ತಿದರು.

ಒಣಗಿದ ಗೆರೆ. ಹೊಕ್ಕಳ ಕೆಳಗೆ ಹೊಲಿಗೆ ಹಾಕಿದ ಒಂದು ಗೆರೆ, ಅಷ್ಟೇ. ಕೆಂಪಿಲ್ಲ, ಬಾವಿಲ್ಲ, ಕೀವಿಲ್ಲ, ವಾಸನೆಯಿಲ್ಲ. ಕೊಯ್ದ ಗಾಯ ಅಷ್ಟು ಸುಮ್ಮನೆ ಇರುವುದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ದೊಡ್ಡ ಡಾಕ್ಟರರು ಅಕ್ಕನ ಪಕ್ಕೆ ಒತ್ತಿ ನೋಡಿ, ಗಾಯಕ್ಕೂ ಈ ಜ್ವರಕ್ಕೂ ಸಂಬಂಧವಿಲ್ಲ, ಇದು ಮಳೆಗಾಲದಲ್ಲಿ ಊರಿಗೆಲ್ಲ ಬರುವ ಚಳಿಜ್ವರ ಅಂತ ಹೇಳಿ ಕ್ವಿನೈನು ಬರೆದು ಹೋದರು. ಅದರ ಕಹಿಗೆ ಅಕ್ಕ ಮುಖ ಹಿಂಡಿ, "ಕೊಯ್ದಾಗ ಸಾಯಲಿಲ್ಲ, ಇದನ್ನ ಕುಡುದು ಸಾಯ್ತೇನಿ," ಅಂದಳು. ಆ ಮಾತು ಕೇಳಿ ನಾವೆಲ್ಲ ಅಳುತ್ತಲೇ ನಕ್ಕೆವು.

ಅವ್ವ ಬೇಗಂ ಸಾಹೇಬರ ಕಾಲಿಗೆ ಬೀಳಲು ಹೋದಳು. ಅವರು ಅವಳನ್ನು ತಡೆದು, ಎರಡು ಕೈಯಿಂದ ಮೇಲಕ್ಕೆತ್ತಿದರು. ಅವ್ವ ಆ ಕೈಗಳನ್ನು ಬಿಡಲಿಲ್ಲ. ಕಣ್ಣಿಗೆ ಒತ್ತಿಕೊಳ್ಳಬೇಕು ಅಂತ ಹತ್ತಿರ ತಂದವಳು ಹಾಗೇ ನಿಂತಳು. ಒಂದು ದಿನವೂ ಬಿಸಿಲಿಗೆ ಬೀಳದ, ಪರದೆಯೊಳಗಿನ ಕೈಗಳು. ಆದರೆ ಬೆರಳೆಲ್ಲ ಸೀಳಿದ್ದವು. ಗೆಣ್ಣುಗಳ ಮೇಲೆ ಚರ್ಮ ಸುಲಿದು ಕೆಂಪಗೆ ಕಾಣುತ್ತಿತ್ತು, ಕೆಲವು ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸುಣ್ಣ ಕಲಸುವವರ ಕೈಯೂ ಅಷ್ಟು ಕೆಟ್ಟಿರುವುದಿಲ್ಲ.

"ಯವ್ವಾ, ಏನಿದು! ಉರಿಯಂಗಿಲ್ಲೇನು?"

"ಉರೀತದರಿ. ಸಾಬೂನು, ಕಾರ್ಬೋಲಿಕ್ಕು, ದಿನಾ ಅದೇ."

"ಬೆಣ್ಣಿ ಹಚ್ಕೋ ನನ್ನವ್ವ."

"ಹಚ್ಚಿದ್ರ ಮತ್ತ ತಿಕ್ಕಿ ತಿಕ್ಕಿ ತಗೀಬೇಕಲ್ಲರಿ ಅಮ್ಮಾ, ಒಳಗ ಹೋಗಾಕ."

ನಾವು ಚಿಕ್ಕವರಿದ್ದಾಗ ಕೈ ಸುಟ್ಟುಕೊಂಡು ಬಂದರೆ ಮಾಡುತ್ತಿದ್ದಂತೆ, ಅವ್ವ ಬಾಗಿ ಆ ಬೆರಳುಗಳ ಮೇಲೆ ಉಫ್ ಉಫ್ ಅಂತ ಊದತೊಡಗಿದಳು. ಒಂದೊಂದೇ ಬೆರಳಿಗೆ ಊದಿದಳು. ಬಾಯಿಂದ ಊದಿದ ಗಾಳಿ ತೊಳೆದ ಕೈಯನ್ನು ಕೆಡಿಸುತ್ತದೆ ಅನ್ನುವುದು ಬೇಗಂ ಸಾಹೇಬರಿಗೆ ಗೊತ್ತಿತ್ತು, ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ತಡೆಯಬೇಕು ಅಂತ ನಾನು ಬಾಯಿ ತೆರೆದೆ. ಅವರು ಅವ್ವನ ತಲೆಯ ಮೇಲಿನಿಂದ ನನ್ನನ್ನು ನೋಡಿ, ಬೇಡ ಅಂತ ಕಣ್ಣಲ್ಲೇ ಹೇಳಿದರು. ಅವ್ವ ಊದಿ ಮುಗಿಸುವವರೆಗೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಅವ್ವನ ಭುಜ ಮುಟ್ಟಿ, ಒಳಗೆ ಇನ್ನೊಬ್ಬಳು ಕಾಯುತ್ತಿದ್ದಾಳೆ ಅಂತ ಹೇಳಿ ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೋಗುಣಿಗೆ ನೀರು ಸುರಿಯುವ ಸದ್ದು ಕೇಳಿಸಿತು, ಬಹಳ ಹೊತ್ತು ಕೇಳಿಸಿತು.